ಹೂಗಂಬ ಕಡಿದವನು

ಏಪ್ರಿಲ್ ತಿಂಗಳ ಎರಡು ದಿನಗಳಲ್ಲಿ ಸಾರಾಯಿ ಕಂಪನಿಯ ಲಾರಿಗಳು ಸಾಂತಾ ಬ್ರಿಜಿದಾ ಊರಿನ ಬಿಳಿಗಲ್ಲ ಗುಡ್ಡದಿಂದ ನಾನೂರ ಹನ್ನೆರಡು ಕಾಡುಕತ್ತಾಳೆ ಗಡ್ಡೆಗಳನ್ನು ಹೊತ್ತೊಯ್ದವು. ಗುಡ್ಡ ಇಡೀ ಊರಿನದು. ಊರಸಭೆಯನ್ನು ಯಾರೂ ಕೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸೆನಾಯ್ದಾ ಮಚ್ಚು ಹಿಡಿದು ಗುಡ್ಡ ಹತ್ತಿದಳು.

ಎಲ್ಲಿ ನೋಡಿದರೂ ಗುಳಿ. ಹಲ್ಲು ಕಿತ್ತ ಒಸಡಿನ ಹಾಗಿತ್ತು ಗುಡ್ಡ. ತರಿದು ಎಸೆದ ಮುಳ್ಳೆಲೆಗಳು ಬಿಸಿಲಿಗೆ ಸುರುಟಿಕೊಂಡು ಬಿದ್ದಿದ್ದವು. ಒಂದು ಕಾಡುಕತ್ತಾಳೆ ಬಲಿಯಲು ಹನ್ನೆರಡು ವರ್ಷ ಬೇಕು. ಅಪ್ಪ ಬದುಕಿದ್ದಾಗ ಅವಳು ಎಷ್ಟೋ ಗಿಡಗಳನ್ನು ತನ್ನ ಗೇಣಿನಲ್ಲಿ ಅಳೆದಿದ್ದಳು. ಈಗ ಅಳೆಯಲು ಉಳಿದದ್ದು ಗುಳಿಯ ಆಳ.

ತುದಿಯ ಬಂಡೆಗಳ ನಡುವೆ ಮಾತ್ರ ಬಲಿತ ಗಿಡಗಳಿದ್ದವು. ಎಣಿಸಿದಳು. ಇಪ್ಪತ್ತಮೂರು.

ಅವುಗಳ ಮಧ್ಯೆ ಒಬ್ಬ ಗಂಡಸು ಕೂತಿದ್ದ. ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡಿದ್ದ. ಮೊಣಕೈವರೆಗೂ ಕೆಂಪು ಬೊಬ್ಬೆ... ಕತ್ತಾಳೆ ಹಾಲು ತಾಗಿದ ಗುರುತು. ಕಡಿಯುವವನ ಕೈ.

"ಎದ್ದು ನಿಲ್ಲು," ಅಂದಳು ಸೆನಾಯ್ದಾ. ಮಚ್ಚು ಅವನ ಮುಖಕ್ಕೆ ನೇರವಾಗಿತ್ತು.

ಅವನು ಮಚ್ಚನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ನಿಂತರೆ ಕಡೀತೀಯಾ, ಕೂತರೆ ಕಡೀತೀಯಾ? ಹೇಳಿದ್ರೆ ಹಂಗೇ ಇರ್ತೀನಿ."

"ತಮಾಷೆ ಬೇಡ. ಈ ಗುಡ್ಡ ಬೋಳಿಸಿದ್ದು ನೀನೇ ತಾನೇ?"

"ನಾನೇ. ನನ್ನ ಜೊತೆ ಇನ್ನೂ ಎಂಟು ಜನ." ಅವನ ದನಿ ತಗ್ಗಿತು. "ಊರವರು ಒಪ್ಪಿ ಕೊಟ್ಟಿದಾರೆ ಅಂದಿದ್ರು. ನಿನ್ನೆ ಸಂಜೆ ಒಬ್ಬಳು ಮುದುಕಿ ಲಾರಿ ಹಿಂದೆ ಓಡಿ ಕಲ್ಲು ಎಸೆದ್ಲು. ಒಪ್ಪಿ ಕೊಟ್ಟವರು ಕಲ್ಲು ಎಸೆಯಲ್ಲ."

"ಅದು ಕಾಸಿಲ್ದಾ ಅಜ್ಜಿ. ತಾಗ್ತಾ?"

ಅವನು ತಲೆ ಬಗ್ಗಿಸಿ ತೋರಿಸಿದ. ಕೂದಲೊಳಗೆ ರಕ್ತ ಹೆಪ್ಪುಗಟ್ಟಿತ್ತು.

"ಇವತ್ತು ಈ ಇಪ್ಪತ್ತಮೂರನ್ನೂ ಕಡೀಬೇಕು ಅಂದ್ರು. ಆಗಲ್ಲ ಅಂದೆ. ಬೇರೆಯವರನ್ನ ಕರ್ಕೊಂಡು ಬರ್ತಾರೆ. ಅದಕ್ಕೇ ಇಲ್ಲಿ ಕೂತೆ."

"ಒಬ್ಬನೇ?"

"ನೀನೂ ಬರ್ತೀಯ ಅಂತ ಗೊತ್ತಿರ್ಲಿಲ್ವಲ್ಲ."

ಸೆನಾಯ್ದಾಳ ಮಚ್ಚು ಕೆಳಗಿಳಿಯಲಿಲ್ಲ. ಆದರೆ ಅದು ಯಾಕೋ ಒಮ್ಮೆಲೇ ಭಾರವಾಯಿತು. 'ಇವನನ್ನು ದ್ವೇಷಿಸಬೇಕು,' ಅಂದುಕೊಂಡಳು. 'ಖಂಡಿತ ದ್ವೇಷಿಸಬೇಕು...'

ಅವನ ಹೆಸರು ಎಲಿಹಿಯೊ. ಕೆಳಗಿನ ಬಯಲುಸೀಮೆಯವನು.

ಆ ದಿನ ಇಗರ್ಜಿ ಗಂಟೆ ಬಡಿದು, ಊರೆಲ್ಲ ಸೇರಿ ರಸ್ತೆಗೆ ಬಂಡೆ ಉರುಳಿಸಿದರು. ಲಾರಿಗಳು ಹಿಂದೆ ಹೋದವು. ಊರಸಭೆ ಎಲಿಹಿಯೊನಿಗೆ ಶಿಕ್ಷೆ ಹಾಕಿತು: ಒಂದು ವರ್ಷ ಅವನು ಇಲ್ಲೇ ಇದ್ದು ಬಿಟ್ಟಿ ದುಡಿಯಬೇಕು. ಗುಡ್ಡ ಕಾಯಬೇಕು, ಮಿಕ್ಕ ಹೊತ್ತು ಸೆನಾಯ್ದಾಳ ಭಟ್ಟಿಯಲ್ಲಿ ಬೆವರಬೇಕು.

ಯಾಕೆ ಅವಳ ಭಟ್ಟಿ? ಮೆಸ್ಕಾಲ್ ಎಂಬ ಕತ್ತಾಳೆ ಸಾರಾಯಿಯನ್ನು ಊರಲ್ಲಿ ಬಟ್ಟಿ ಇಳಿಸುವವಳು ಅವಳೊಬ್ಬಳೇ. ಹೆಂಗಸು ಮುಟ್ಟಿದರೆ ತೊಟ್ಟಿ ಹುಳಿಯುತ್ತೆ ಅಂದ ಗಂಡಸರ ಬಾಯಿಗೇ ಮೊದಲ ಬಟ್ಟಲು ಹಿಡಿದು, "ಹುಳಿ ಇದೆಯಾ, ಹೇಳಿ" ಅಂತ ಕೇಳಿದವಳು. ಬಟ್ಟಲು ಖಾಲಿಯಾಯಿತು, ಬಾಯಿ ಮುಚ್ಚಿತು.

"ಎಷ್ಟು ವರ್ಷದಿಂದ ಕತ್ತಾಳೆ ಕಡೀತಿದೀಯ?" ಮೊದಲ ದಿನ ಕೇಳಿದಳು.

"ಹದಿನೇಳು."

"ಕಡಿದ ಮೇಲೆ ಗಡ್ಡೆ ಏನಾಗುತ್ತೆ?"

"ಲಾರಿ ಹತ್ತುತ್ತೆ."

"ಆಮೇಲೆ?"

ಎಲಿಹಿಯೊ ಕೆನ್ನೆ ಕೆರೆದುಕೊಂಡ. "ಲಾರಿ ಹೋಗುತ್ತೆ."

ಭಟ್ಟಿಯ ಬಾಗಿಲಲ್ಲಿ ಕೂತು ಹುರಿದ ಮಿಡತೆ ಮೆಲ್ಲುತ್ತಿದ್ದ ಕಾಸಿಲ್ದಾ ಅಜ್ಜಿ ಕೆಮ್ಮುವಷ್ಟು ನಕ್ಕಳು. "ಹದಿನೇಳು ವರ್ಷ ಹೆರಿಗೆ ಮಾಡಿಸಿ ಒಂದು ಮಗುವಿನ ಮುಖಾನೂ ನೋಡ್ಲಿಲ್ವಂತೆ, ಪಾಪ!"

ಅಜ್ಜಿ ನಕ್ಕಳು, ಸೆನಾಯ್ದಾಗೆ ನಗು ಬರಲಿಲ್ಲ. ಕಂಪನಿ ಮಾಡಿದ್ದೇ ಇದು. ಕಡಿಯುವವನಿಗೆ ಕುಡಿಯುವುದರ ಗುರುತಿಲ್ಲ, ಕುಡಿಯುವವನಿಗೆ ಕಡಿದವನ ಗುರುತಿಲ್ಲ. ನಡುವೆ ಅಂದದ ಸೀಸೆ.

ಕಲಿಸಿದಳು. ಮೊದಮೊದಲು ಬೈದು ಕಲಿಸಿದಳು. ಹೊಲದ ಕತ್ತಾಳೆಯ ಗಡ್ಡೆಗಳನ್ನು ಗುಂಡಿಯ ಕೆಂಡಗಲ್ಲುಗಳ ಮೇಲೆ ಪೇರಿಸುವುದು, ನಾರು, ಚಾಪೆ, ಮಣ್ಣು ಹೊದಿಸಿ ನಾಲ್ಕು ದಿನ ಒಳಗೊಳಗೇ ಬೇಯಿಸುವುದು. ಎಲ್ಲಾದರೂ ಒಂದು ಎಳೆ ಹೊಗೆ ಕಂಡರೆ ಓಡಿ ಮಣ್ಣು ಮುಚ್ಚುವುದು. ಬೆಂದ ಗಡ್ಡೆ ಜೇನುಬಣ್ಣಕ್ಕೆ ತಿರುಗಿದ ಮೇಲೆ ಮರದ ದೋಣಿಯಲ್ಲಿ ಹಾಕಿ ಒನಕೆಯಂಥ ಕೊಡತಿಯಿಂದ ಕುಟ್ಟುವುದು. ಎದುರುಬದುರು ನಿಂತು ಕುಟ್ಟಬೇಕು. ಒಬ್ಬರ ಏಟು ಇಳಿಯುವಾಗ ಇನ್ನೊಬ್ಬರದು ಏಳಬೇಕು.

"ತಾಳ ತಪ್ತಿದೆ," ಅಂದಳು.

"ನಿನ್ನ ಮುಖ ನೋಡಿದ್ರೆ ತಪ್ಪುತ್ತೆ."

"ಹಂಗಾದ್ರೆ ದೋಣಿ ನೋಡು."

"ದೋಣಿ ಇಷ್ಟು ಚೆನ್ನಾಗಿಲ್ಲ."

ಅವಳ ಏಟೂ ತಪ್ಪಿತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಅವಳು ಅವನನ್ನು ಮರದ ತೊಟ್ಟಿಯ ಹತ್ತಿರ ಕರೆದಳು. ಕುಟ್ಟಿದ ಕತ್ತಾಳೆ ನೀರಿನೊಂದಿಗೆ ಹುದುಗುತ್ತಿತ್ತು.

"ಕಿವಿ ಇಡು."

ಅವನು ತೊಟ್ಟಿಗೆ ಕಿವಿಯಾನಿಸಿದ. ಅವಳು ಎದುರಿನಿಂದ ತನ್ನ ಕಿವಿ ಇಟ್ಟಳು. ಇಬ್ಬರ ಮುಖದ ನಡುವೆ ಒಂದು ಗೇಣು. ಒಳಗಿಂದ ಹೆಂಚಿನ ಮೇಲೆ ಹಸಿ ರೊಟ್ಟಿ ಬಿದ್ದಂತೆ ಚುರುಚುರು ಸದ್ದು.

"ಮಾತಾಡ್ತಿದೆ," ಎಂದು ಪಿಸುಗುಟ್ಟಿದ.

"ನಾಳೆ ನಾಡಿದ್ದು ದನಿ ಇಳಿಯುತ್ತೆ. ಪೂರ್ತಿ ಸುಮ್ಮನಾಗೋಕೆ ಮುಂಚೆ ಎತ್ತಿ ಮಡಕೆಗೆ ಹಾಕ್ಬೇಕು. ಕಾದ್ರೆ ಹುಳಿ."

"ಮನುಷ್ಯರೂ ಹಂಗೇ."

"ಏನು?"

"ಹೇಳೋ ಮಾತು ಹೇಳದೇ ಕಾದ್ರೆ..."

ಸೆನಾಯ್ದಾ ಎದ್ದು ಹೋಗಿ ಕಾರಣವಿಲ್ಲದೆ ಸೌದೆ ಜೋಡಿಸಿದಳು. ಎದೆಯೊಳಗೂ ಯಾವುದೋ ತೊಟ್ಟಿ ಚುರುಗುಟ್ಟುತ್ತಿತ್ತು. 'ಕಡಿಯುವವನು ಕಣೇ ಇವನು... ಮರೀಬೇಡ.'

ಮಣ್ಣಿನ ಮಡಕೆಯ ಮೇಲೆ ಮಡಕೆ, ಅದರ ಮೇಲೆ ತಣ್ಣೀರಿನ ತಾಮ್ರದ ಬೋಗುಣಿ. ಒಳಗಿನ ಆವಿ ಬೋಗುಣಿಯ ತಳಕ್ಕೆ ತಾಗಿ ಹನಿಯಾಗಿ, ಬಿದಿರಿನ ಕೊಳವೆಯಲ್ಲಿ ಹೊರಗೆ ತೊಟ್ಟಿಕ್ಕುತ್ತದೆ. ಎರಡು ಸಲ ಇಳಿಸಿದ ಮೇಲೆ ಅವಳು ಸಣ್ಣ ಕೊಳವೆಯಿಂದ ಹೀರಿ ಸೋರೆಬಟ್ಟಲಿಗೆ ಬಿಟ್ಟಳು. ಅಂಚಿನ ಸುತ್ತ ಗುಳ್ಳೆಗಳು ಸಾಲಾಗಿ ನಿಂತವು.

"ಮುತ್ತು ಅಂತೀವಿ. ನಿಂತ್ರೆ ಸರಿಯಾಗಿದೆ. ಒಡೆದು ಹೋದ್ರೆ ನೀರು ಜಾಸ್ತಿ."

"ಕಂಪನಿಯವರು ಗಾಜಿನ ಕಡ್ಡಿ ಇಳಿಸಿ ನೋಡ್ತಾರಂತೆ."

"ಕಡ್ಡಿಗೆ ಕಣ್ಣಿದೆಯಾ?"

ನೆಲಕ್ಕೆ ಮೂರು ಹನಿ ಚೆಲ್ಲಿ ಅವನಿಗೆ ಬಟ್ಟಲು ಕೊಟ್ಟಳು. ಎಲಿಹಿಯೊ ಒಂದು ಗುಟುಕನ್ನು ನಾಲಿಗೆಯ ಮೇಲೆ ಮೆಲ್ಲಗೆ ಹೊರಳಿಸಿದ. ಹೊಗೆ, ಒದ್ದೆ ಮಣ್ಣು, ಬೆಂದ ಗಡ್ಡೆಯ ಸಿಹಿ...

"ಹದಿನೇಳು ವರ್ಷ," ಅಂದ ಕೊನೆಗೆ. ಕಣ್ಣು ತುಂಬಿತ್ತು. "ನನ್ನ ಕೈಯಿಂದ ಹೋಗಿದ್ದು ಇದಾ? ಯಾಕೆ ಯಾರೂ ನಂಗೆ ಒಂದು ಗುಟುಕು ಕೊಡ್ಲಿಲ್ಲ?"

ಆ ಗಳಿಗೆಯಲ್ಲಿ ಸೆನಾಯ್ದಾ ಸೋತಳು. ಬಾಯಿಬಿಟ್ಟು ಹೇಳಲಿಲ್ಲ. ಹುಳಿಯುವ ಮುಂಚೆ ಎತ್ತಬೇಕು ಅಂತ ಕಲಿಸಿದವಳೇ ಕಾದಳು.

ಅಕ್ಟೋಬರಿನಲ್ಲಿ ಇಪ್ಪತ್ತಮೂರು ಗಿಡಗಳೂ ಹೂಗಂಬ ಎತ್ತಿದವು. ಎಲೆಗಳ ನಡುವಿನಿಂದ ಆಳೆತ್ತರಕ್ಕೆ ಈಟಿಯಂಥ ಕಂಬ. ಅದರ ತುದಿಯಲ್ಲಿ ಹೂವರಳಿ, ಬಾವಲಿ ಬಂದು ಮುಟ್ಟಿ, ಬೀಜವಾಗಿ, ಗಿಡ ಸಾಯುತ್ತದೆ. ಹನ್ನೆರಡು ವರ್ಷ ಕೂಡಿಟ್ಟ ಸಿಹಿಯನ್ನೆಲ್ಲ ಮಕ್ಕಳಿಗೆ ಕೊಟ್ಟು ಸಾಯುತ್ತದೆ. ಬೋಳುಗುಡ್ಡಕ್ಕೆ ಇದ್ದ ಬೀಜ ಇಷ್ಟೇ.

ಅದೇ ವಾರ ಸೆನಾಯ್ದಾಳ ತಂಗಿಗೆ ಹೆರಿಗೆ. ಮೂರು ದಿನಕ್ಕೆ ಪಟ್ಟಣಕ್ಕೆ ಹೊರಟಳು.

"ಗುಡ್ಡ ನಿನ್ನ ಕೈಲಿದೆ," ಅಂದಳು ಎಲಿಹಿಯೊಗೆ.

"ಬಂದು ನೋಡು, ಹೆಂಗಿಟ್ಟಿರ್ತೀನಿ ಅಂತ."

ನಾಲ್ಕನೆಯ ದಿನ ಮನೆಗೂ ಹೋಗದೆ ಗುಡ್ಡ ಹತ್ತಿದಳು.

ಒಂಬತ್ತು ಹೂಗಂಬಗಳು ನೆಲದ ಮೇಲಿದ್ದವು. ನೀಟಾಗಿ, ಬುಡಕ್ಕೇ ಕಡಿದು, ಒಂದರ ಪಕ್ಕ ಒಂದು ಜೋಡಿಸಲಾಗಿತ್ತು. ಗಾಯದಿಂದ ರಸ ಒಸರುತ್ತಿತ್ತು. ಎಲಿಹಿಯೊ ಹತ್ತನೆಯ ಗಿಡದ ಹತ್ತಿರ ಮಚ್ಚು ಮಸೆಯುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ! ಒಂಬತ್ತು ಮುಗಿಸ್ದೆ. ಬಂಡೆ ಜಾಗ, ಕಷ್ಟ ಆಯ್ತು. ಮಿಕ್ಕಿದ್ದು ಸಂಜೆ ಒಳಗೆ..."

"ಯಾರು ಹೇಳಿದ್ದು ಕಡಿ ಅಂತ?"

"ಯಾರೂ ಹೇಳ್ಲಿಲ್ಲ. ನಿಂಗೋಸ್ಕರ..."

"ಕಂಪನಿಗೋಸ್ಕರ ಅನ್ನು." ಅವಳ ದನಿ ನಡುಗಲಿಲ್ಲ, ಅದೇ ಅವನನ್ನು ಹೆದರಿಸಿತು. "ಹೂಗಂಬ ಕಡಿದ್ರೆ ಸಿಹಿ ಗಡ್ಡೇಲೇ ನಿಲ್ಲುತ್ತೆ. ಗಡ್ಡೆ ಕೊಬ್ಬುತ್ತೆ. ಕೊಬ್ಬಿದ ಗಡ್ಡೆ ಯಾರಿಗೆ ಬೇಕು? ಆರು ತಿಂಗಳು ನನ್ನ ತೊಟ್ಟಿಗೆ ಕಿವಿ ಇಟ್ಟಿದ್ದು ಇದಕ್ಕಾ?"

"ಸೆನಾಯ್ದಾ, ಏನಾಯ್ತು? ಮರಿ ಬರುತ್ತಲ್ಲ ಬುಡದಲ್ಲಿ..."

"ಕತ್ತಾಳೆ ಮಧ್ಯೆ ಹುಟ್ಟಿದವನು, ಕಾಡುಕತ್ತಾಳೆ ಮರಿ ಹಾಕಲ್ಲ ಅಂತ ಗೊತ್ತಿಲ್ಲ ಅಂದ್ರೆ ನಾನು ನಂಬಬೇಕಾ? ಬೀಜ ಒಂದೇ ಇದಕ್ಕೆ ದಾರಿ. ಬೀಜ ಒಂದೇ!"

ಅವನ ಕೈಯ ಮಚ್ಚು ಕಲ್ಲಿನ ಮೇಲೆ ಬಿತ್ತು.

"ಗುಡ್ಡ ಇಳಿ," ಅಂದಳು. "ಇನ್ನು ನನ್ನ ಕಣ್ಣಿಗೆ ಬೀಳ್ಬೇಡ."

ಅವನು ಇಳಿದು ಹೋದ. ಸೆನಾಯ್ದಾ ಕಡಿದ ಕಂಬಗಳ ಪಕ್ಕ ಕೂತು ಅತ್ತಳು. ಒಂಬತ್ತು ಗಿಡಕ್ಕೆ ಎಷ್ಟು ಅತ್ತಳೋ, ಒಬ್ಬ ಮನುಷ್ಯನಿಗೆ ಎಷ್ಟು ಅತ್ತಳೋ... ಅವಳಿಗೇ ತಿಳಿಯಲಿಲ್ಲ.

ಸುದ್ದಿಗೆ ರೆಕ್ಕೆ ಬೇಕಾಗಲಿಲ್ಲ. ಎರಡೇ ದಿನದಲ್ಲಿ ಕಂಪನಿಯ ಇಂಜಿನಿಯರ್ ಬಾಲ್ದೆರಾಸ್ ಊರಿಗೆ ಬಂದ. ಮರುದಿನ ಬೆಳಿಗ್ಗೆಯೇ ಊರಸಭೆ ಸೇರಿತು. ಮುಂದಿನ ಬೆಂಚಿನಲ್ಲಿ ಊರಯಜಮಾನ ದೊನ್ ತೋರಿಬಿಯೊ ಕೋಲು ಹಿಡಿದು ಕೂತಿದ್ದ. ಅವನು ಸೆನಾಯ್ದಾಳ ದೊಡ್ಡಪ್ಪ, ಅವಳ ಅಪ್ಪನ ಅಣ್ಣ.

"ಕೇಳಿ," ಅಂದ ತೋರಿಬಿಯೊ. "ಒಂಬತ್ತು ಗಿಡದ ಕಥೆ ಮುಗೀತು. ಮಿಕ್ಕಿದ್ದು ಹದಿನಾಲ್ಕು. ಹದಿನಾಲ್ಕು ಗಿಡದ ಬೀಜದಿಂದ ಒಂದು ಗುಡ್ಡ ತುಂಬುತ್ತಾ? ಕಂಪನಿ ಇಪ್ಪತ್ತಮೂರನ್ನೂ ಕೇಳ್ತಿದೆ. ಸೆನಾಯ್ದಾನೇ ಬಟ್ಟಿ ಇಳಿಸ್ಲಿ, ಸೀಸೆ ಮೇಲೆ ಅವಳ ಮುಖಾನೇ ಹಾಕ್ತಾರಂತೆ. ಶಾಲೆ ಸೂರು ಸೋರ್ತಿದೆ. ಅದನ್ನೂ ಹೊದಿಸ್ತಾರೆ."

"ಮುಖ ಹಾಕೋದಾದ್ರೆ ನಂದು ಹಾಕಿ," ಅಂದಳು ಕಾಸಿಲ್ದಾ ಅಜ್ಜಿ. "ಕುಡಿಯೋರು ಹೆದರಿ ಬಿಡ್ತಾರೆ."

ಜನ ನಕ್ಕರು. ಇಂಜಿನಿಯರ್ ಕೂಡ ನಕ್ಕು, ಕೊನೆಯ ಸಾಲಿನತ್ತ ಕೈ ಮಾಡಿದ. "ಕೆಲಸ ಅಚ್ಚುಕಟ್ಟಾಗಿದೆ. ನಮ್ಮ ಹುಡುಗನೇ ಅಲ್ವಾ ಮಾಡಿದ್ದು."

ಸೆನಾಯ್ದಾ ತಿರುಗಿದಳು. ಎಲಿಹಿಯೊ ಬಾಗಿಲ ಬಳಿ ನಿಂತಿದ್ದ. ಹೋಗಿರಲಿಲ್ಲ.

ಅವನು ಟೋಪಿ ತೆಗೆದ.

"ನಾನು ಯಾರ ಹುಡುಗನೂ ಅಲ್ಲ. ಕಡಿದಿದ್ದು ನಾನು, ಕಡಿ ಅಂತ ಯಾರೂ ಹೇಳ್ಲಿಲ್ಲ. ನಮ್ಮೂರಲ್ಲಿ ಇರೋದು ಹೊಲದ ಕತ್ತಾಳೆ ಮಾತ್ರ. ಬುಡದ ಸುತ್ತ ಮರಿ ಹಾಕುತ್ತೆ. ಹೂಗಂಬ ಹಂಗೇ ಬಿಟ್ಟವನನ್ನ ನಮ್ಮಲ್ಲಿ ಸೋಮಾರಿ ಅಂತಾರೆ, ಹೆಣ್ಣು ಕೊಡಲ್ಲ. ಈ ಕತ್ತಾಳೆ ಮರಿ ಹಾಕಲ್ಲ ಅಂತ ನಂಗೆ... ಗೊತ್ತಿರ್ಲಿಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಹದಿನೇಳು ವರ್ಷ ಕತ್ತಾಳೆ ಕಡಿದ ಗಂಡಸು ಕತ್ತಾಳೆಯ ಬಗ್ಗೆ ನನಗೆ ಗೊತ್ತಿರಲಿಲ್ಲ ಅನ್ನುವುದು! ಆ ಸೀಮೆಯಲ್ಲಿ ಕಳ್ಳ ಅನಿಸಿಕೊಂಡವನು ತಲೆ ಎತ್ತಿ ನಡೆದಾನು. ಹೀಗೆ ಒಪ್ಪಿಕೊಂಡವನು ನಡೆಯಲಾರ.

"ನಗಿ," ಅಂದ ಎಲಿಹಿಯೊ. "ದಡ್ಡ ಅನ್ನಿ. ಕಂಪನಿಯವನು ಅನ್ಬೇಡಿ. ಅವಳು ಬಂದು ನೋಡಿ ಭೇಷ್ ಅನ್ಲಿ ಅಂತ ಕಡಿದೆ. ಅಷ್ಟೇ ಆಸೆ ಇದ್ದಿದ್ದು."

ಸೆನಾಯ್ದಾ ತಿಂಗಳುಗಳನ್ನು ಹಿಂದಕ್ಕೆ ಎಣಿಸಿದಳು. 'ನಾನು ಒಂದು ಸಲವೂ ಹೇಳಲಿಲ್ಲವಲ್ಲ... ಗುಂಡಿ ಹೇಳಿಕೊಟ್ಟೆ, ತೊಟ್ಟಿ ಹೇಳಿಕೊಟ್ಟೆ, ಮುತ್ತು ಹೇಳಿಕೊಟ್ಟೆ. ಬೀಜದ ಮಾತು ಯಾರಿಗೆ ತಾನೇ ಗೊತ್ತಿಲ್ಲ ಅಂದುಕೊಂಡೆ. ಗೊತ್ತಿಲ್ಲದವನು ಮುಂದೆಯೇ ಇದ್ದ.'

ತೋರಿಬಿಯೊ ಕೋಲು ಕುಟ್ಟಿದ. "ಹೊರಗಿನವನಿಗೆ ಸಭೇಲಿ ಮಾತಿಲ್ಲ. ಇವನ ಹೊಣೆ ಹೊರೋರು ಯಾರಾದ್ರೂ ಇದೀರಾ? ಇಲ್ಲಾಂದ್ರೆ ಸಂಜೆ ಒಳಗೆ ಊರು ಬಿಡ್ಲಿ."

"ನಾನಿದೀನಿ."

ಸೆನಾಯ್ದಾ ಎದ್ದು ನಿಂತಿದ್ದಳು. ಹೊಣೆ ಅಂದರೆ ಬಾಯಿಮಾತಲ್ಲ. ಇನ್ನು ಅವನ ತಪ್ಪು ಅವಳದು, ಅವನಿಗಾಗುವ ಶಿಕ್ಷೆ ಅವಳದು. ಹೆಣ್ಣೊಬ್ಬಳು ಗಂಡಿನ ಹೊಣೆ ಹೊರುವುದು ಅಂದರೆ ಅವನನ್ನು ವರಿಸಲು ಒಪ್ಪಿದ ಹಾಗೆ ಅಂತ ಅಲ್ಲಿ ಕೂತ ಮಕ್ಕಳಿಗೂ ಗೊತ್ತಿತ್ತು.

"ಯೋಚ್ನೆ ಮಾಡಿ ಹೇಳ್ತಿದೀಯಾ, ಮಗಳೇ?"

"ಯೋಚ್ನೆ ಮಾಡಿ ತಡ ಮಾಡ್ದೆ, ದೊಡ್ಡಪ್ಪ. ಜೂನ್‌ನಲ್ಲೇ ಹೇಳ್ಬೇಕಿತ್ತು." ಅವಳು ಇಂಜಿನಿಯರ್ ಕಡೆ ತಿರುಗಿದಳು. "ನನ್ನ ಮುಖ ನನ್ನ ಕತ್ತಿನ ಮೇಲಿರುತ್ತೆ. ಸೀಸೆ ಮೇಲಲ್ಲ. ಹದಿನಾಲ್ಕು ಗಿಡಾನೂ ನಿಮಗೆ ಸಿಗಲ್ಲ. ಸೂರು ನಾವು ಹೊದಿಸ್ಕೋತೀವಿ. ಏಪ್ರಿಲ್‌ನಲ್ಲಿ ಹೊತ್ತೊಯ್ದ ಗಡ್ಡೆಗೆ ಮೊದಲು ಉತ್ತರ ಹೇಳಿ."

ಹೆಂಗಸರು ಒಬ್ಬೊಬ್ಬರೇ ಎದ್ದು ನಿಂತರು. ಗಂಡಸರಲ್ಲಿ ಅರ್ಧದಷ್ಟು ಜನ. ತೋರಿಬಿಯೊ ಕಣ್ಣು ತಗ್ಗಿಸಿದ.

"ಕಂಪನಿಯ ಕಾಗದಕ್ಕೆ ನಿನ್ನೆಯೇ ರುಜು ಹಾಕಿಬಿಟ್ಟಿದೀನಿ," ಅಂದ. "ಲಾರಿ ಗುಡ್ಡದ ಬುಡದಲ್ಲಿದೆ."

ಮತ್ತೊಮ್ಮೆ, ಸಭೆಯನ್ನು ಕೇಳದೆ.

ಸೆನಾಯ್ದಾ ಓಡಿದಳು. ಅವಳ ಹಿಂದೆ ಎಲಿಹಿಯೊ, ಅವನ ಹಿಂದೆ ಊರು. ಗುಡ್ಡದ ದಾರಿ ಎರಡು ಬಂಡೆಗಳ ನಡುವೆ ಕಿರಿದಾಗುವ ಕಡೆ ಅವಳು ನೆಲದ ಮೇಲೆ ಕೂತಳು. ಲಾರಿಯ ಮೂತಿ ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಿತು. ಮಚ್ಚು ಹಿಡಿದ ಆರು ಜನ ಇಳಿದರು. ಎಲಿಹಿಯೊ ಬಂದು ಅವಳ ಪಕ್ಕ ಕೂತ. ನಡುವೆ ಒಂದು ಮೊಳ ಜಾಗ ಬಿಟ್ಟ.

"ದೂರ ಯಾಕೆ?" ಅಂದಳು.

"ನೀನೇ ಕಣ್ಣಿಗೆ ಬೀಳ್ಬೇಡ ಅಂದಿದ್ದೆ."

"ಪಕ್ಕದಲ್ಲಿ ಕೂತ್ರೆ ಕಣ್ಣಿಗೆ ಬೀಳಲ್ಲ. ಬಾ."

ಅವನು ಸರಿದು ಕೂತ. ಭುಜಕ್ಕೆ ಭುಜ ತಾಗಿತು. ಅವಳ ಕೈ ಅವನ ಬೊಬ್ಬೆಗಟ್ಟಿದ ಅಂಗೈಯನ್ನು ಹುಡುಕಿ ಹಿಡಿಯಿತು.

"ನಾನು ಹೇಳಿಕೊಡ್ಬೇಕಿತ್ತು," ಅಂದಳು.

"ನಾನು ಕೇಳ್ಬೇಕಿತ್ತು." ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಆ ಒಂಬತ್ತು ಗಿಡ ಏನು ಮಾಡ್ತೀಯ?"

"ಒಂದು ವರ್ಷ ನಿಲ್ಲಿಸಿ ನಮ್ಮ ಗುಂಡೀಲೇ ಬೇಯಿಸ್ತೀನಿ. ಊರಲ್ಲಿ ಒಂದು ಮದುವೆಗೆ ಸಾಕಾಗುತ್ತೆ."

"ಯಾರ ಮದುವೆ?"

"ಯಾರೂ ಇನ್ನೂ ಕೇಳಿಲ್ಲ."

ಎಲಿಹಿಯೊ ಲಾರಿಯನ್ನು ನೋಡಿದ, ಮಚ್ಚುಗಳನ್ನು ನೋಡಿದ. ಕೋಲೂರಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದ ದೊನ್ ತೋರಿಬಿಯೊನನ್ನೂ ನೋಡಿದ.

"ಈಗ ಕೇಳ್ಲಾ?"

"ಇನ್ನೂ ಕಾಯ್ತೀಯಾ?"

"ಸೆನಾಯ್ದಾ... ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ," ಅಂದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ಈಗ ಗಟ್ಟಿಯಾಗಿ ಕೂತ್ಕೋ."

ಕಾಸಿಲ್ದಾ ಅಜ್ಜಿ ಬಂದು ಅವರ ಹಿಂದೆ ಕೂತಳು. ಆಮೇಲೆ ಅಜ್ಜಿಯ ಸೊಸೆ. ಆಮೇಲೆ ಶಾಲೆಯ ಮೇಷ್ಟ್ರು. ದಾರಿ ತುಂಬುತ್ತಾ ಹೋಯಿತು. ಲಾರಿಯ ಡ್ರೈವರ್ ಹಾರ್ನ್ ಒತ್ತಿದ. ಯಾರೂ ಅಲುಗಲಿಲ್ಲ.

ತೋರಿಬಿಯೊ ಅವಳ ಮುಂದೆ ಬಂದು ನಿಂತ. ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ದಾರಿ ಬಿಡು, ಮಗಳೇ. ದೊಡ್ಡಪ್ಪನಾಗಿ ಹೇಳ್ತಿಲ್ಲ. ಊರಯಜಮಾನನಾಗಿ ಹೇಳ್ತಿದೀನಿ. ಎದ್ದು ದಾರಿ ಬಿಡು."

ಸೆನಾಯ್ದಾ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಎಲಿಹಿಯೊನ ಕೈಯನ್ನು ಬಿಡಲಿಲ್ಲ.

"ಬಿಡಲ್ಲ," ಅಂದಳು.